ಮೇಜಿನ ಮೇಲೊಂದು ಮಾರಿಕುಪ್ಪಂ

ಮಾದರಿ ರೈಲುಮಾರ್ಗ ಕಟ್ಟುವ ಹವ್ಯಾಸವುಳ್ಳವರು ಲೋಕದಲ್ಲೆಲ್ಲ ತಮ್ಮ ಹಲಗೆಯ ಮೇಲೆ ಮೊಟ್ಟಮೊದಲು ಸ್ಥಾಪಿಸಬಯಸುವ ದೃಶ್ಯಗಳಲ್ಲಿ ಕಲ್ಲಿದ್ದಲ ಗಣಿಯೂ ಒಂದು. ಇದಕ್ಕೆ ಕಾರಣವುಂಟು. ರೈಲು ಹುಟ್ಟಿದ್ದೇ ಕಲ್ಲಿದ್ದಲನ್ನು ಹೊರುವುದಕ್ಕಾಗಿ. ಬರಿಯ ವ್ಯಾಗನ್ನುಗಳು ಬಂದು ಕಟ್ಟಡದ ಕೆಳಗೆ ನಿಲ್ಲುವುದು, ಮೇಲಿನಿಂದ ಕಪ್ಪು ರಾಶಿ ಸುರಿಯುವುದು, ತುಂಬಿದ ವ್ಯಾಗನ್ನುಗಳು ಹಿಂದಿರುಗುವುದು — ಇಷ್ಟರಲ್ಲಿ ರೈಲಿನ ಪ್ರಯೋಜನವೆಲ್ಲ ಕಣ್ಣಿಗೆ ಕಟ್ಟುವಂತೆ ತೋರಿಬರುತ್ತದೆ. ಅಮೆರಿಕದ ವಾಲ್ಥರ್ಸ್, ಜರ್ಮನಿಯ ಫಾಲರ್ ಮೊದಲಾದ ತಯಾರಕರು ಇಂಥ ಗಣಿಯ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಕೊಂಡುತಂದು ಅಂಟಿಸಿದರೆ ಒಂದು ವಾರದಲ್ಲಿ ಗಣಿ ಎದ್ದು ನಿಲ್ಲುತ್ತದೆ. ಆದರೆ ಕರ್ನಾಟಕದ ಹವ್ಯಾಸಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ನಮ್ಮ ನಾಡಿನ ನೆಲದಲ್ಲಿ ಕಲ್ಲಿದ್ದಲೇ ಇಲ್ಲ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಅದು ಹೊರನಾಡಿನಿಂದ ರೈಲಿನಲ್ಲಿ ಬಂದು ಬೀಳುತ್ತದೆಯೇ ಹೊರತು ಇಲ್ಲಿಂದ ಹೊರಟುಹೋಗುವ ಕಲ್ಲಿದ್ದಲ ರೈಲೆಂಬುದು ಒಂದೂ ಇಲ್ಲ. ಹೀಗಿರುವಲ್ಲಿ ಪೆನ್ಸಿಲ್ವೇನಿಯದ ಗಣಿಯನ್ನು ಬೆಂಗಳೂರಿನ ಕೋಣೆಯೊಂದರಲ್ಲಿ ಕಟ್ಟಿ ತೃಪ್ತಿಪಡುವುದಕ್ಕಿಂತ, ಬಂಗಾರಪೇಟೆಯಿಂದ ಹತ್ತು ಮೈಲಿ ದೂರದಲ್ಲಿ, ಗಣಿಯ ಬಾಗಿಲಲ್ಲಿಯೇ ಹೋಗಿ ಮುಗಿಯುವ ನಮ್ಮದೇ ಆದ ರೈಲುಮಾರ್ಗವೊಂದನ್ನು ಕಟ್ಟುವುದು ಎಷ್ಟೋ ಮೇಲೆಂದು ನಾನು ನಂಬಿದ್ದೇನೆ.

ಕೋಲಾರ ಚಿನ್ನದ ಗಣಿಗಳ ಆ ಮಾರ್ಗದ ಕಡೆಯ ನಿಲ್ದಾಣ ಮಾರಿಕುಪ್ಪಂ. ಅದನ್ನು ಮಾದರಿಯಾಗಿ ಕಟ್ಟಹೊರಟವನು ಎಲ್ಲಕ್ಕೂ ಮೊದಲು ಮನಗಾಣಬೇಕಾದುದು ಒಂದೇ ಒಂದು ಸಂಗತಿ; ಅದನ್ನು ಕಂಡುಕೊಂಡವನಿಗೆ ಉಳಿದುದೆಲ್ಲ ತಾನಾಗಿ ಒದಗುತ್ತದೆ, ಅದನ್ನು ಮರೆತವನು ಎಷ್ಟು ನಯವಾಗಿ ಕೆಲಸಮಾಡಿದರೂ ಕಲ್ಲಿದ್ದಲ ಗಣಿಗೆ ಹಳದಿ ಬಣ್ಣ ಬಳಿದಂತಾಗುತ್ತದೆ. ಕಲ್ಲಿದ್ದಲ ಗಣಿಗೆ ರೈಲು ಬರಿದಾಗಿ ಬಂದು ತುಂಬಿ ಹೋಗುತ್ತದೆ. ಚಿನ್ನದ ಗಣಿಗೆ ಅದು ತುಂಬಿ ಬಂದು ಬರಿದಾಗಿ ಹೋಗುತ್ತದೆ. ಉರುವಲು, ಸುರಂಗಕ್ಕೆ ಆಸರೆಯಾಗುವ ಮರದ ದಿಮ್ಮಿ, ಕಬ್ಬಿಣ, ಯಂತ್ರ, ಸೈನೈಡು, ಸ್ಫೋಟಕ, ಹತ್ತಾರು ಸಾವಿರ ಜನರ ಹೊಟ್ಟೆಗೆ ಬೇಕಾದ ಅಕ್ಕಿ, ಕೊನೆಗೆ ಆ ಜನರೂ — ಸಮಸ್ತವೂ ಬಂಗಾರಪೇಟೆಯ ಕಡೆಯಿಂದ ಒಳಕ್ಕೆ ಬಂದವು. ಅಷ್ಟನ್ನೂ ನುಂಗಿದ ನೆಲ ಹೊರಕ್ಕೆ ಕೊಟ್ಟದ್ದು ಸಲಕ್ಕೆ ಒಂದು ಸಣ್ಣ ಪೆಟ್ಟಿಗೆಯಲ್ಲಿ ಹಿಡಿಸುವಷ್ಟು ಲೋಹ. ಆದ್ದರಿಂದ ಪೆಟ್ಟಿಗೆಯಲ್ಲಿ ಸಿಗುವ ಗಣಿಯ ಆ ದೊಡ್ಡ ಸುರಿಮನೆ, ಅದರ ಕೆಳಗೆ ಸಾಲಾಗಿ ಹಾಯುವ ಮೂರು ಹಳಿಗಳು, ಇವು ಯಾವುವೂ ಇಲ್ಲಿಗೆ ಸಲ್ಲವು. ಇಲ್ಲಿ ಬೇಕಾದುದು ಇಳಿಸುವ ಕಟ್ಟೆಗಳು, ಉಗ್ರಾಣಗಳು, ಉರುವಲಿನ ಅಂಗಳಗಳು. ಇವುಗಳ ಹಿಂದೆ, ರೈಲಿನ ಹಂಗಿಲ್ಲದೆ ಗಣಿಯು ತನ್ನೊಳಗಿಂದ ತಾನೇ ಮೇಲಕ್ಕೆತ್ತಿ ಹರಡಿಕೊಂಡ ಮಣ್ಣಿನ ಬೆಟ್ಟಗಳು.

ಮಾರ್ಗದ ಪೂರ್ವವೃತ್ತಾಂತವನ್ನು ಸ್ವಲ್ಪದರಲ್ಲಿ ಹೇಳಬಹುದು. ಮದರಾಸಿನ ಮಾರ್ಗವು ಜೋಲಾರಪೇಟೆಯಿಂದ ಬೆಂಗಳೂರಿಗೆ ಬಂದುದು 1864ರಲ್ಲಿ. ಬಂಗಾರಪೇಟೆ ಆಗ, ಮೈಸೂರಿನ ಕಮಿಷನರರಾಗಿದ್ದ ಬೌರಿಂಗರ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿಕೊಂಡಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ ಗಣಿಯ ಆಡಳಿತವನ್ನು ಕೈಗೆತ್ತಿಕೊಂಡಾಗ ಯಂತ್ರದ ಭಾರವಾದ ಭಾಗಗಳು ಎತ್ತಿನ ಗಾಡಿಗಳಲ್ಲಿ ಏರಿಳಿಯುತ್ತ ಗಣಿಗೆ ಸಾಗಬೇಕಾಗಿತ್ತು. 1894ರಲ್ಲಿ ಮೈಸೂರು ಸಂಸ್ಥಾನದ ಸ್ವಾಮ್ಯದಲ್ಲಿ ಬ್ರಾಡ್‌ಗೇಜ್ ಶಾಖಾಮಾರ್ಗ ತೆರೆಯಿತು. ಬಂಗಾರಪೇಟೆಯನ್ನು ಬಿಟ್ಟರೆ ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ — ನಿಲ್ದಾಣಗಳ ಹೆಸರುಗಳನ್ನು ಓದಿಕೊಂಡು ಹೋದರೆ ಭೂಮಿಯೊಳಗಿನ ಬೆಣಚುಕಲ್ಲಿನ ಚಿನ್ನದ ಎಳೆಯ ಮೇಲೆಯೇ ಬೆರಳಾಡಿಸಿದಂತಾಗುತ್ತದೆ. ಅಷ್ಟರ ಮಟ್ಟಿಗೆ ರೈಲು ಆ ಎಳೆಯನ್ನು ಹಿಂಬಾಲಿಸಿದೆ. 1913ರಲ್ಲಿ ಬಂಗಾರಪೇಟೆಯ ಮತ್ತೊಂದು ಮಗ್ಗುಲಿನಿಂದ ಕೋಲಾರಕ್ಕೆ ಎರಡೂವರೆ ಅಡಿಯ ಕಿರುಹಳಿಯ ಮಾರ್ಗವೂ ಆಯಿತು. ಈಗ ಅದು ಅಗಲವಾಗಿ ಬ್ರಾಡ್‌ಗೇಜ್ ಆಗಿದೆ.

ಇನ್ನು ಕಟ್ಟುವವನು ಮೊದಲು ನಿರ್ಧರಿಸತಕ್ಕದ್ದು ಕಾಲವನ್ನು. ಗಣಿಯೆಂದರೆ ಒಂದೇ ರೂಪದಲ್ಲಿ ನಿಂತ ವಸ್ತುವಲ್ಲ. ನೂರಿಪ್ಪತ್ತು ವರ್ಷಗಳಲ್ಲಿ ಅದು ಹಲವು ಸಲ ತನ್ನ ಮುಖವನ್ನು ಬದಲಿಸಿದೆ. 1900ರ ಸುಮಾರಿನ ದೃಶ್ಯವಾದರೆ ಎಲ್ಲೆಲ್ಲಿಯೂ ಹೊಗೆಗೂಡುಗಳಿರಬೇಕು, ಏಕೆಂದರೆ ಆಗ ಎತ್ತುವ ಯಂತ್ರ, ಕುಟ್ಟುವ ಯಂತ್ರ, ನೀರು ಸೇದುವ ಯಂತ್ರ ಎಲ್ಲವೂ ಹಬೆಯಿಂದ ನಡೆಯುತ್ತಿದ್ದವು. ನೆಲದೊಳಕ್ಕೆ ನೆಟ್ಟಗೆ ಇಳಿಯುವ ಒಂದೊಂದು ಶಾಫ್ಟಿನ ಬಳಿಯಲ್ಲಿಯೂ ಸೌದೆಯ ಒಟ್ಟಿಲು, ಕಲ್ಲಿದ್ದಲ ಗುಡ್ಡೆ, ಅವನ್ನು ಇಳಿಸುವ ಕೂಲಿಗಳು. ನಮ್ಮ ನಾಡಿನ ಮಾದರಿಯಲ್ಲಿ ಕಲ್ಲಿದ್ದಲು ನ್ಯಾಯವಾಗಿ ಬರುವ ಸ್ಥಳ ಇದೇ. ಆಮೇಲೆ 1902ನೆಯ ಇಸವಿ ಬರುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯಿಂದ ಆರಂಭವಾದ ಶಿವನಸಮುದ್ರದ ವಿದ್ಯುತ್ತು ಆ ವರ್ಷದ ಜೂನ್ 30ರಂದು, ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೇಲೆ ನಡೆದುಬಂದು ಗಣಿಗಳನ್ನು ಮುಟ್ಟಿತು. ಆ ಕಾಲದಲ್ಲಿ ಅಷ್ಟು ದೀರ್ಘವಾದ ತಂತಿಮಾರ್ಗ ಲೋಕದಲ್ಲಿಯೇ ವಿರಳವಾಗಿತ್ತು. ಮೈಸೂರಿನ ಪ್ರಥಮ ಮುಖ್ಯಮಂತ್ರಿಗಳಾದ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು ಗಣಿಯ ನೆರೆಯ ಕ್ಯಾಸಂಬಳ್ಳಿಯಲ್ಲಿ ಹುಟ್ಟಿದುದೂ ಅದೇ 1902ರ ಮೇ ತಿಂಗಳಲ್ಲಿ. ಗಣಿಯ ದೀಪಗಳು ವಿದ್ಯುತ್ತಿನಿಂದ ಬೆಳಗುತ್ತಿದ್ದ ಕಾಲದಲ್ಲಿಯೇ, ನೆರೆಯ ಹಳ್ಳಿಯ ಆ ಶಿಶುವಿನ ಮನೆಯಲ್ಲಿ ಹರಳೆಣ್ಣೆಯ ದೀಪವೋ ಸೀಮೆಎಣ್ಣೆಯ ಬುಡ್ಡಿಯೋ ಉರಿಯುತ್ತಿದ್ದಿರಬೇಕೆಂಬುದನ್ನು ನೆನೆದರೆ, ಮಾದರಿ ಕಟ್ಟುವವನಿಗೆ ಒಂದು ಮಾರ್ಗದರ್ಶನ ತಾನಾಗಿ ದೊರೆಯುತ್ತದೆ: ಹಲಗೆಯ ಗಣಿಯ ಭಾಗದಲ್ಲಿ ಸಣ್ಣ ಬಲ್ಬುಗಳು ಸಾಲುಸಾಲಾಗಿ ಹೊಳೆಯಲಿ, ಅಂಚಿನಲ್ಲಿರುವ ಹಳ್ಳಿಯ ಭಾಗದಲ್ಲಿ ಒಂದೂ ಬೇಡ.

ಮೂರನೆಯ ಕಾಲ ಈಗಿನದು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯ ರೂಪ ತಳೆದು, 2001ರ ಫೆಬ್ರುವರಿ 28ರಂದು ಮುಚ್ಚಿಹೋದವು. ಶಾಫ್ಟುಗಳ ಮೇಲೆ ತುಕ್ಕುಹಿಡಿದು ನಿಂತ ಹೆಡ್‌ಗೇರು ಗೋಪುರಗಳು, ಬಾಗಿಲಿಲ್ಲದ ಯಂತ್ರದ ಮನೆಗಳು, ಗೋಡೆಯನ್ನು ಸೀಳಿ ಬೆಳೆದ ಅರಳಿಯ ಸಸಿಗಳು — ಹವ್ಯಾಸಿಗಳಿಗೆ ಇವು ಬಹು ಪ್ರಿಯವಾದ ವಸ್ತುಗಳು. ತುಕ್ಕನ್ನು ಚಿತ್ರಿಸುವುದರಲ್ಲಿ ಕೈಚಳಕಕ್ಕೆ ಅವಕಾಶವೂ ಹೆಚ್ಚು. ಆದರೂ ಮೊದಲ ಮಾದರಿಗೆ ಈ ಕಾಲವನ್ನು ಆರಿಸಬಾರದೆಂದು ನನ್ನ ಅಭಿಪ್ರಾಯ. ದುಡಿಯುತ್ತಿದ್ದ ಯಂತ್ರವನ್ನು ಒಮ್ಮೆ ಕಟ್ಟಿ ಅರಿತವನಿಗೆ ಮಾತ್ರ, ನಿಂತುಹೋದ ಯಂತ್ರದಲ್ಲಿ ಏನು ಕಳೆದಿದೆ, ಯಾವುದನ್ನು ಗುಜರಿಗೆ ಕೊಟ್ಟಿದ್ದಾರೆ, ಯಾವ ಹಗ್ಗ ಎಲ್ಲಿ ತುಂಡಾಗಿದೆ ಎಂಬುದು ಕಾಣುತ್ತದೆ. ಅರಿಯದವನು ಕಟ್ಟಿದ ಹಾಳು ಬರಿಯ ಅಲಂಕಾರವಾಗಿಬಿಡುತ್ತದೆ. ನಾನು ಸೂಚಿಸುವ ಕಾಲ 1930ರ ಆಸುಪಾಸು: ಎತ್ತುವ ಯಂತ್ರಕ್ಕೆ ವಿದ್ಯುತ್ತಿದೆ, ರೈಲಿಗಿನ್ನೂ ಹಬೆಯಿದೆ, ಎರಡು ಯುಗಗಳು ಒಂದೇ ಅಂಗಳದಲ್ಲಿ ಕೂಡಿ ನಿಂತಿವೆ.

ಪ್ರಮಾಣದ ಪ್ರಶ್ನೆ ಇಲ್ಲಿ ಬಹಳ ಸ್ವಾರಸ್ಯವಾದುದು. ಹವ್ಯಾಸಿಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವ ಎಚ್‌ಓ ಪ್ರಮಾಣವೆಂದರೆ ನಿಜವಸ್ತುವಿನ 87ನೆಯ ಒಂದು ಪಾಲು. ಅದರ ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. ಯುರೋಪು ಅಮೆರಿಕಗಳ ಮಾರ್ಗಕ್ಕೆ ಇದು ಸರಿಯಾಗಿ ಹೊಂದುತ್ತದೆ. ನಮ್ಮ ಬ್ರಾಡ್‌ಗೇಜಾದರೋ 1676 ಮಿಲಿಮೀಟರ್ ಅಗಲವಾದುದು. ಅದನ್ನು 87ರಿಂದ ಭಾಗಿಸಿದರೆ 19ಕ್ಕೂ ಮಿಕ್ಕುತ್ತದೆ. ಅಂದಮೇಲೆ ಅಂಗಡಿಯ ಹಳಿಯ ಮೇಲೆ ಎಚ್‌ಓ ಪ್ರಮಾಣದಲ್ಲಿ ನಮ್ಮ ಬೋಗಿಯನ್ನು ನಿಲ್ಲಿಸಿದರೆ ಕಾಲುಗಳು ಕೂಡಿಕೊಂಡು ನಿಂತಂತೆ ಕಾಣುವುದು ಅನಿವಾರ್ಯ. ಆದರೆ ಲೆಕ್ಕವನ್ನು ಹಿಂದುಮುಂದಾಗಿಸಿ ನೋಡಿ. 16.5 ಮಿಲಿಮೀಟರೇ ನಮ್ಮ ಬ್ರಾಡ್‌ಗೇಜೆಂದು ಹಿಡಿದರೆ ಪ್ರಮಾಣ 100ಕ್ಕೆ ಒಂದು, ಕೂದಲೆಳೆಯಷ್ಟು ಹೆಚ್ಚುಕಡಮೆ. ನೂರಕ್ಕೆ ಒಂದೆಂದರೆ ಒಂದು ಮೀಟರು ಒಂದು ಸೆಂಟಿಮೀಟರಾಗುತ್ತದೆ, ಲೆಕ್ಕಕ್ಕೆ ಕಾಗದವೇ ಬೇಡ. ವಾಸ್ತುಶಿಲ್ಪಿಗಳು ತಮ್ಮ ಕಟ್ಟಡಗಳ ಮಾದರಿಗಳನ್ನು ಮಾಡುವುದೂ ಬಹುಮಟ್ಟಿಗೆ ಇದೇ ಪ್ರಮಾಣದಲ್ಲಿ; ಆದುದರಿಂದ ಅವರಿಗಾಗಿ ಮಾರಾಟಕ್ಕಿರುವ ಮನುಷ್ಯಾಕೃತಿಗಳೂ ಮರಗಳೂ ನಮಗೂ ಒದಗುತ್ತವೆ. ಬೋಗಿಯ ಮೈಯನ್ನು ನಾವೇ ಕಟ್ಟಬೇಕಾಗುತ್ತದೆಂಬುದು ನಿಜ. ಆದರೆ ಭಾರತದ ವ್ಯಾಗನ್ನುಗಳ ಸಿದ್ಧಮಾದರಿಗಳು ದುರ್ಲಭವಾಗಿರುವುದರಿಂದ ಆ ಕೆಲಸ ಹೇಗಿದ್ದರೂ ತಪ್ಪಿದ್ದಲ್ಲ. ಮಾರಿಕುಪ್ಪವನ್ನು ಬಿಟ್ಟು ಬಂಗಾರಪೇಟೆಯ ಜಂಕ್ಷನ್ನನ್ನೂ ಕೋಲಾರದ ಕಿರುಹಳಿಯನ್ನೂ ಕಟ್ಟುವ ಮನಸ್ಸಿದ್ದವರ ವಿಚಾರ ಬೇರೆ: 762 ಮಿಲಿಮೀಟರಿನ ಆ ಕಿರುಹಳಿ ಎಚ್‌ಓ ಪ್ರಮಾಣದಲ್ಲಿ ಅಂಗಡಿಯ 9 ಮಿಲಿಮೀಟರ್ ಹಳಿಗೆ ಹೆಚ್ಚುಕಡಮೆ ಸರಿಹೋಗುತ್ತದೆ, ನೂರಕ್ಕೊಂದರಲ್ಲಿ ಯಾವುದಕ್ಕೂ ಸರಿಹೋಗುವುದಿಲ್ಲ. ಹೀಗೆ ಯಾವ ನಿಲ್ದಾಣವೆಂಬುದು ನಿಶ್ಚಯವಾದ ಕೂಡಲೇ ಪ್ರಮಾಣವೂ ನಿಶ್ಚಯವಾದಂತೆಯೇ.

ದೃಶ್ಯದ ಕಳಶವೆಂದರೆ ಹೆಡ್‌ಗೇರು. ಶಾಫ್ಟಿನ ಬಾಯಿಯ ಮೇಲೆ ನಿಂತ ಉಕ್ಕಿನ ಗೋಪುರ, ಅದರ ತುದಿಯಲ್ಲಿ ಪಕ್ಕಪಕ್ಕದಲ್ಲಿ ಎರಡು ದೊಡ್ಡ ಗಾಲಿಗಳು. ಇದನ್ನು ಕಟ್ಟುವಾಗ ಆಗುವ ತಪ್ಪುಗಳಿಗೆಲ್ಲ ಮೂಲ ಒಂದೇ: ಅದು ಏನು ಕೆಲಸ ಮಾಡುತ್ತಿತ್ತೆಂಬುದನ್ನು ಯೋಚಿಸದಿರುವುದು. ಶಾಫ್ಟಿನೊಳಗಿಂದ ನೆಟ್ಟಗೆ ಮೇಲಕ್ಕೆ ಬರುವ ಉಕ್ಕಿನ ಹಗ್ಗ ಗಾಲಿಯನ್ನು ಬಳಸಿಕೊಂಡು ಓರೆಯಾಗಿ ಇಳಿದು, ಒಂದಷ್ಟು ದೂರದಲ್ಲಿರುವ ಯಂತ್ರದ ಮನೆಯ ಪೀಪಾಯಿಗೆ ಸುತ್ತಿಕೊಳ್ಳುತ್ತದೆ. ಹಗ್ಗದ ಎರಡು ಮಗ್ಗುಲುಗಳೂ ಒಂದೇ ಬಲದಿಂದ ಎಳೆಯುತ್ತವೆ — ಒಂದು ಕೆಳಕ್ಕೆ, ಇನ್ನೊಂದು ಯಂತ್ರದ ಮನೆಯ ಕಡೆಗೆ. ಈ ಎರಡು ಎಳೆತಗಳೂ ಕೂಡಿ ಉಂಟಾಗುವ ಬಲವು ಅವುಗಳ ನಡುವಣ ಕೋನವನ್ನು ಸರಿಪಾಲಾಗಿ ಸೀಳುವ ದಿಕ್ಕಿನಲ್ಲಿ ಗೋಪುರವನ್ನು ಒತ್ತುತ್ತದೆ. ಆದ್ದರಿಂದಲೇ ಹೆಡ್‌ಗೇರಿಗೆ ಯಂತ್ರದ ಮನೆಯ ಕಡೆಗೆ ಚಾಚಿದ ಎರಡು ಓರೆಗಾಲುಗಳಿರುತ್ತವೆ. ಅವು ನಿಂತ ಓರೆ ಆ ಬಲದ ಓರೆಗೆ ಸಮೀಪವಾಗಿರುತ್ತದೆ. ಓರೆಗಾಲುಗಳನ್ನು ಅಂದಕ್ಕಾಗಿ ನಾಲ್ಕು ದಿಕ್ಕಿಗೂ ಚಾಚಿದ ಮಾದರಿಗಳನ್ನೂ, ಯಂತ್ರದ ಮನೆಯೇ ಇಲ್ಲದ ಮಾದರಿಗಳನ್ನೂ ನಾವು ಕಾಣುತ್ತೇವೆ. ಬಲ್ಲವರು ಅಂಥವುಗಳ ಮುಂದೆ ನಿಲ್ಲುವುದಿಲ್ಲ. ಮೊದಲು ಶಾಫ್ಟು, ಬಳಿಕ ಯಂತ್ರದ ಮನೆ, ಇವೆರಡರ ನಡುವೆ ಒಂದು ದಾರವನ್ನು ಬಿಗಿದು ನೋಡಿ, ಆ ದಾರ ಹೇಳಿದಂತೆ ಗೋಪುರವನ್ನು ಎತ್ತಬೇಕು.

ಗಾಲಿಗಳು ತಿರುಗುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಒಂದು ಹಗ್ಗ ಮೇಲಕ್ಕೆ ಬರುವಾಗ ಇನ್ನೊಂದು ಕೆಳಕ್ಕೆ ಹೋಗುತ್ತದೆ, ಒಂದರ ಭಾರ ಮತ್ತೊಂದಕ್ಕೆ ಸಮತೂಕವಾಗಲೆಂದು; ಅದಕ್ಕಾಗಿ ಒಂದು ಹಗ್ಗ ಪೀಪಾಯಿಯ ಮೇಲ್ಭಾಗದಿಂದಲೂ ಇನ್ನೊಂದು ಕೆಳಭಾಗದಿಂದಲೂ ಹೊರಡುತ್ತದೆ. ಆದ್ದರಿಂದ ಎರಡು ಗಾಲಿಗಳೂ ಯಾವಾಗಲೂ ವಿರುದ್ಧ ದಿಕ್ಕಿನಲ್ಲಿ ತಿರುಗಬೇಕು, ಎರಡು ಹಗ್ಗಗಳೂ ಯಂತ್ರದ ಮನೆಯ ಗೋಡೆಯನ್ನು ಬೇರೆಬೇರೆ ಎತ್ತರದ ಕಿಂಡಿಗಳಲ್ಲಿ ಹೊಗಬೇಕು. ನಾಲ್ಕೂವರೆ ಮೀಟರಿನ ಗಾಲಿ ನಮ್ಮ ಮಾದರಿಯಲ್ಲಿ ನಾಲ್ಕೂವರೆ ಸೆಂಟಿಮೀಟರಾಗುತ್ತದೆ. ಹಳೆಯ ಗೋಡೆಗಡಿಯಾರದ ಹಲ್ಲುಚಕ್ರಗಳಿಂದ ಅಥವಾ ನಿಧಾನವಾಗಿ ತಿರುಗುವ ಪುಟ್ಟ ಮೋಟಾರಿನಿಂದ ಇದನ್ನು ನಡೆಸಬಹುದು. ಸ್ವಲ್ಪ ಕಾಲ ಒಂದು ದಿಕ್ಕಿಗೆ ತಿರುಗಿ, ನಿಂತು, ಮತ್ತೆ ಇನ್ನೊಂದು ದಿಕ್ಕಿಗೆ ತಿರುಗುವಂತೆ ಮಾಡಿದರೆ ಕೆಳಗೆ ಯಾರೋ ಹಗ್ಗಕ್ಕೆ ತೂಗುವ ಪಂಜರವನ್ನು ಹತ್ತುತ್ತಿದ್ದಾರೆ, ಮೇಲೆ ಯಾರೋ ಇಳಿಯುತ್ತಿದ್ದಾರೆ ಎಂಬ ಪ್ರತೀತಿ ಹುಟ್ಟುತ್ತದೆ. ಬಿಡುವಿಲ್ಲದೆ ಒಂದೇ ಕಡೆಗೆ ತಿರುಗುವ ಗಾಲಿ ಗಣಿಯದಲ್ಲ, ಜಾತ್ರೆಯದು.

ಶಾಫ್ಟಿನಿಂದ ಮೇಲೆ ಬಂದ ಕಲ್ಲಿನ ಪಯಣವನ್ನು ಇಳಿಜಾರಿನಲ್ಲಿ ಜೋಡಿಸಬೇಕು, ಏಕೆಂದರೆ ಅಂದಿನ ಕಾರ್ಖಾನೆಗಳಲ್ಲಿ ನೀರೂ ಭೂಮ್ಯಾಕರ್ಷಣವೂ ಸೇರಿ ಅರ್ಧ ಕೆಲಸವನ್ನು ಮಾಡುತ್ತಿದ್ದವು. ಎತ್ತರದಲ್ಲಿ ಕಲ್ಲಿನ ತೊಟ್ಟಿ. ಅದರ ಕೆಳಗೆ ಸಾಲುಸಾಲು ಒನಕೆಗಳಂತೆ ಎದ್ದುಬೀಳುವ ಸ್ಟ್ಯಾಂಪ್ ಮಿಲ್ಲು. ಪುಡಿಯಾದ ಕಲ್ಲು ನೀರಿನೊಡನೆ ಕೆಸರಾಗಿ ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಯುವಾಗ ದಪ್ಪ ಕಣದ ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಉಳಿದ ಸೂಕ್ಷ್ಮಕಣಗಳಿಗಾಗಿ ಆ ಮರಳನ್ನು ದೊಡ್ಡ ದುಂಡನೆಯ ತೊಟ್ಟಿಗಳಿಗೆ ತುಂಬಿ ಸೈನೈಡಿನ ದ್ರಾವಣವನ್ನು ಹಾಯಿಸುತ್ತಿದ್ದರು. ಈ ದುಂಡು ತೊಟ್ಟಿಗಳನ್ನು ಔಷಧದ ಡಬ್ಬಿಗಳ ಮುಚ್ಚಳಗಳಿಂದ ಸುಲಭವಾಗಿ ಮಾಡಬಹುದು. ಮಿಲ್ಲಿನ ಗೋಡೆಗೆ ಸುಕ್ಕುತಗಡು. ಸಿಗರೇಟು ಪೊಟ್ಟಣದೊಳಗಿನ ಬೆಳ್ಳಿಯ ಕಾಗದವನ್ನು ಸಣ್ಣ ಸ್ಕ್ರೂವಿನ ಏಣುಗಳ ಮೇಲೆ ಒತ್ತಿದರೆ ಆ ಸುಕ್ಕು ಬರುತ್ತದೆ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಚಿನ್ನವನ್ನು ಕಳೆದುಕೊಂಡ ಆ ಮರಳು ಎಲ್ಲಿಗೆ ಹೋಯಿತು? ಅದು ಎಲ್ಲಿಗೂ ಹೋಗಲಿಲ್ಲ. ಊರಿನ ನಡುವೆಯೇ ಗುಡ್ಡಗಳಾಗಿ ಕುಳಿತಿದೆ. ಜನ ಅದನ್ನು ಸೈನೈಡ್ ಗುಡ್ಡಗಳೆನ್ನುತ್ತಾರೆ. ಹನ್ನೆರಡು ಹದಿಮೂರು ಗುಡ್ಡಗಳಲ್ಲಿ ಮೂರು ಕೋಟಿ ಟನ್ನಿಗೂ ಮಿಕ್ಕ ಮರಳಿದೆಯೆಂದು ಗಣನೆ. ಇಡೀ ನೂರಿಪ್ಪತ್ತು ವರ್ಷಗಳಲ್ಲಿ ಹೊರಟ ಚಿನ್ನ ಸುಮಾರು 800 ಟನ್ನು. ಈ ಅಂಕಿಗಳನ್ನು ಕೇಳಿ ಮರೆಯುವುದು ಸುಲಭ. ಮಾದರಿಯ ಪ್ರಮಾಣಕ್ಕೆ ಇಳಿಸಿ ನೋಡಿದವನಿಗೆ ಮರೆಯಲಾಗದು. ಚಿನ್ನ ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರವಾದ ಲೋಹ. 800 ಟನ್ನನ್ನು ಒಂದು ಗಟ್ಟಿಯಾಗಿ ಎರೆದರೆ ಮೂರೂವರೆ ಮೀಟರಿನ ಒಂದು ಘನವಾಗುತ್ತದೆ, ನೂರಕ್ಕೊಂದರ ನಮ್ಮ ಮಾದರಿಯಲ್ಲಿ ಮೂರೂವರೆ ಸೆಂಟಿಮೀಟರಿನದು. ಮಗುವಿನ ಅಂಗೈಯಲ್ಲಿ ಅಡಗುತ್ತದೆ. ಅದೇ ಪ್ರಮಾಣದಲ್ಲಿ ಆ ಮರಳನ್ನೆಲ್ಲ ತಂದು ಸುರಿದರೆ, ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯೊಂದು ಏಳಡಿಯ ಎತ್ತರಕ್ಕೆ ತುಂಬಿಹೋಗುತ್ತದೆ. ಕಟ್ಟುವವನಿಗೆ ನಿಲ್ಲಲು ಎಡೆಯಿರುವುದಿಲ್ಲ. ಆದ್ದರಿಂದ ಗುಡ್ಡಗಳನ್ನು ಪೂರ್ಣಪ್ರಮಾಣದಲ್ಲಿ ಕಟ್ಟುವುದು ಅಶಕ್ಯ. ಒಂದನ್ನೇ ಆರಿಸಿಕೊಂಡು, ಅದರ ಒಂದು ಮಗ್ಗುಲನ್ನು ಮಾತ್ರ ಹಲಗೆಯ ಹಿಂಬದಿಗೆ ಒರಗಿಸಿ, ಮೂವತ್ತು ಸೆಂಟಿಮೀಟರಿನಷ್ಟಾದರೂ ಎತ್ತರವನ್ನು ಬಿಡದೆ ಕಟ್ಟಬೇಕು. ಹೆಡ್‌ಗೇರನ್ನು ಬೇಕಾದರೆ ಕುಗ್ಗಿಸಿ, ಯಂತ್ರದ ಮನೆಯನ್ನು ಹತ್ತಿರಕ್ಕೆ ಎಳೆದುಕೊಳ್ಳಿ, ಪ್ಲಾಟ್‌ಫಾರ್ಮನ್ನು ಅರ್ಧಕ್ಕೆ ಇಳಿಸಿ. ಗುಡ್ಡವನ್ನು ಮಾತ್ರ ಕುಗ್ಗಿಸಬೇಡಿ. ನೋಡುವವನ ಕಣ್ಣು ರೈಲನ್ನು ಹುಡುಕುತ್ತ ಬಂದರೂ ಮೊದಲು ಆ ಗುಡ್ಡಕ್ಕೇ ತಾಗಬೇಕು, ಊರಿಗೆ ಹೋದವರ ಕಣ್ಣಿಗೆ ತಾಗುವಂತೆ.

ಗುಡ್ಡದ ರೂಪವನ್ನು ಮಾಡುವಾಗ ಎರಡು ಬಗೆಯ ರಾಶಿಗಳನ್ನು ಬೆರೆಸಬಾರದು. ಶಾಫ್ಟು ತೋಡುವಾಗ ಬಂದ ಬರಿಗಲ್ಲಿನ ರಾಶಿ ಬೇರೆ: ಅದು ಕೋಲಾರದ ಪದರಶಿಲೆಯ ಕಪ್ಪು ಹಸಿರು ಮಿಶ್ರಿತ ಬೂದುಬಣ್ಣದ್ದು, ಒರಟು ತುಂಡುಗಳದ್ದು. ಸೈನೈಡಿನ ಗುಡ್ಡ ನಯವಾದ, ಪೇಲವವಾದ, ಹಳದಿಯ ಛಾಯೆಯ ಬೂದಿಬಣ್ಣದ್ದು. ಮೇಲುಭಾಗ ಮಟ್ಟಸ, ಮಗ್ಗುಲುಗಳಲ್ಲಿ ಮಳೆನೀರು ಕೊರೆದ ಆಳವಾದ ಕೊರಕಲುಗಳು ತಲೆಯಿಂದ ಪಾದದವರೆಗೆ ಇಳಿಯುತ್ತವೆ. ಥರ್ಮಾಕೋಲಿನ ಪದರಗಳನ್ನು ಒಂದರ ಮೇಲೊಂದು ಅಂಟಿಸಿ, ಬಿಸಿತಂತಿಯಿಂದ ಮಗ್ಗುಲುಗಳನ್ನು ಸವರಿ, ಮೇಲೆ ಪ್ಲಾಸ್ಟರ್ ಬಳಿದು, ಅದು ಅರೆಹಸಿಯಾಗಿರುವಾಗಲೇ ಮೇಲಿನಿಂದ ಕೆಳಕ್ಕೆ ಕುಂಚದಲ್ಲಿ ನೀರು ಬಿಟ್ಟುಕೊಂಡು ಬಂದರೆ, ಮಳೆ ಮಾಡಿದ ಕೆಲಸವನ್ನು ನೀರೇ ಮಾಡಿಕೊಡುತ್ತದೆ. ನಿಜವಾದ ಗುಡ್ಡದ ಮರಳನ್ನೇ ಒಂದು ಚೀಲ ತಂದು ಉದುರಿಸಿದರೆ ಹೆಚ್ಚು ಸತ್ಯವಾಗುವುದಲ್ಲವೆ ಎಂದು ಕೇಳುವವರುಂಟು. ಬೇಡವೆಂದು ಕೈಮುಗಿದು ಹೇಳುತ್ತೇನೆ. ಅತಿ ಸೂಕ್ಷ್ಮವಾದ ಆ ಬೆಣಚುಧೂಳು ಶ್ವಾಸಕೋಶಕ್ಕೆ ಇಳಿದರೆ ಹೊರಬರುವುದಿಲ್ಲ. ಗಣಿಯವರ ಎದೆಯನ್ನು ತಿಂದ ಸಿಲಿಕೋಸಿಸ್ ರೋಗಕ್ಕೆ ಕಾರಣವಾದುದು ಕಲ್ಲಿನ ಇಂಥ ಧೂಳೇ. ಗಾಳಿಯ ತಿಂಗಳುಗಳಲ್ಲಿ ಆ ಧೂಳು ಹಾರಿ ಮನೆಮನೆಯ ಅಡಿಗೆಯ ಪಾತ್ರೆಗೆ ಬೀಳುವುದನ್ನು ಸಹಿಸಿಕೊಂಡ ಜನರಿರುವಾಗ, ಅದನ್ನು ನಮ್ಮ ಮನೆಗೆ ಕುತೂಹಲಕ್ಕಾಗಿ ಹೊತ್ತುತರುವುದು ಸಲ್ಲದು. ಹೊಳೆಯ ನುಣ್ಣನೆ ಮರಳಿಗೆ ಬಣ್ಣ ಬೆರೆಸಿದರೆ ಸಾಕು.

ಕೆಂಪುಮಣ್ಣನ್ನಾದರೆ ಧಾರಾಳವಾಗಿ ತರಬಹುದು. ಕ್ಯಾಸಂಬಳ್ಳಿ, ಬೇತಮಂಗಲದ ಹೊಲಗಳ ಮಣ್ಣಿಗೆ ಸಮನಾದ ಬಣ್ಣ ಯಾವ ಡಬ್ಬಿಯಲ್ಲಿಯೂ ಸಿಗದು. ಬಿಸಿಲಲ್ಲಿ ಒಣಗಿಸಿ, ಬಾಣಲೆಯಲ್ಲಿ ಹುರಿದು ಹುಳುಹುಪ್ಪಟೆಗಳನ್ನು ಕಳೆದು, ತೆಳುವಾದ ಮಲ್ಲುಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಆಮೇಲೆ ಮರೆಯದೆ ಒಂದು ಬಲವಾದ ಅಯಸ್ಕಾಂತವನ್ನು ಅದರಲ್ಲಿ ಆಡಿಸಬೇಕು. ನಮ್ಮ ಮಣ್ಣಿನಲ್ಲಿ ಕಬ್ಬಿಣದ ಕಣಗಳಿರುವುದರಿಂದ ಅವು ಎದ್ದು ಮಾದರಿ ಇಂಜಿನಿನ ಮೋಟಾರಿಗೆ ಹೋಗಿ ಅಂಟಿಕೊಂಡು ಅದನ್ನು ಕೆಡಿಸುತ್ತವೆ. ಮಣ್ಣನ್ನು ಹಲಗೆಯ ಮೇಲೆ ಉದುರಿಸಿ, ಒಂದೆರಡು ಹನಿ ಸೋಪು ಬೆರೆತ ನೀರನ್ನು ಮಂಜಿನಂತೆ ಚಿಮುಕಿಸಿ, ತೆಳುಮಾಡಿದ ಫೆವಿಕಾಲನ್ನು ಹನಿಹನಿಯಾಗಿ ಬಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ನೆಲ ಗಟ್ಟಿಯಾಗಿರುತ್ತದೆ. ತುಳಸಿಯ ಒಣ ತೆನೆಗಳು ಪೊದೆಗಳಾಗುತ್ತವೆ, ತೆಂಗಿನ ನಾರು ಒಣಹುಲ್ಲಾಗುತ್ತದೆ. ಹಸಿರನ್ನು ಮಿತವಾಗಿ ಬಳಸಿ. ಬಯಲುಸೀಮೆಯ ಈ ಅಂಚಿನಲ್ಲಿ ಕೆರೆಯ ಹಿಂದಿನ ಒಂದಿಷ್ಟು ಭೂಮಿಯನ್ನು ಬಿಟ್ಟರೆ ಹಸಿರು ಮುಂಗಾರಿನ ಅತಿಥಿ. ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದಲೇ ಗಣಿಗೆ ನೀರು ಬರುತ್ತಿದ್ದುದರಿಂದ ಹಲಗೆಯ ಮೂಲೆಯಿಂದ ಗಣಿಯವರೆಗೆ ಒಂದು ನೀರಿನ ಕೊಳವೆಯನ್ನೂ ಹಾಯಿಸಬೇಕು.

ಇನ್ನು ಜನ. ಮಾದರಿ ಗಣಿಗಳಲ್ಲಿ ಸಾಮಾನ್ಯವಾಗಿ ಕಾಣುವವರು ಒಬ್ಬ ಗಾರ್ಡು, ಇಬ್ಬರು ಪ್ರಯಾಣಿಕರು, ಕೈಯಲ್ಲಿ ಸಲಿಕೆ ಹಿಡಿದ ಒಬ್ಬ ಕೂಲಿ. ಕೋಲಾರದ ಗಣಿಯಲ್ಲಿ ಹತ್ತಾರು ಸಾವಿರ ಮಂದಿ ದುಡಿಯುತ್ತಿದ್ದರು. ಬಹುಮಂದಿ ಉತ್ತರ ಆರ್ಕಾಟಿನ ತಮಿಳರು, ಚಿತ್ತೂರಿನ ಕಡೆಯ ತೆಲುಗರು, ಸುತ್ತಲ ಹಳ್ಳಿಗಳ ಕನ್ನಡಿಗರು. ಮಿಲ್ಲುಗಳಿಗೂ ಅಧಿಕಾರಿಗಳ ಬಂಗಲೆಗಳಿಗೂ ನಡುವೆ, ಬಿದಿರುತಟ್ಟಿಯ ಗೋಡೆಗಳ ಗುಡಿಸಲುಗಳೂ ಆಮೇಲಿನ ಕಾಲದ ಒಂದೆರಡು ಕೋಣೆಗಳ ಲೈನ್ ಮನೆಗಳೂ ಬೆನ್ನಿಗೆ ಬೆನ್ನು ಹತ್ತಿಸಿ ನಿಂತಿದ್ದವು. ಬಂಗಲೆಯೊಂದನ್ನು ಕಟ್ಟಲು ಹಿಡಿಯುವ ಜಾಗದಲ್ಲಿ ಹತ್ತು ಲೈನ್ ಮನೆಗಳು ಹಿಡಿಸುತ್ತವೆ. ಆ ಜಾಗವನ್ನು ಲೈನಿಗೇ ಕೊಡಿ. ಪೊರಕೆಕಡ್ಡಿಯನ್ನು ಸೀಳಿ ಹೆಣೆದ ತಟ್ಟಿ, ಹೊರಗೆ ಹಗ್ಗದ ಮೇಲೆ ಒಣಹಾಕಿದ ಬಟ್ಟೆ, ನಲ್ಲಿಯ ಮುಂದೆ ಕೊಡಗಳ ಸಾಲು, ಪಾಳಿ ಬದಲಾಗುವ ಹೊತ್ತಿಗೆ ಶಾಫ್ಟಿನ ಕಡೆಗೆ ನಡೆಯುವ ಗಂಡಸರ ಗುಂಪು. ಇಷ್ಟಿಲ್ಲದೆ ಹೆಡ್‌ಗೇರೊಂದನ್ನೇ ನಿಲ್ಲಿಸಿದರೆ ಅದನ್ನು ಎತ್ತಿನಿಲ್ಲಿಸಿದವರನ್ನೇ ಚಿತ್ರದಿಂದ ಅಳಿಸಿದಂತಾಗುತ್ತದೆ. ಅದು ನನಗೆ ಎಂದಿಗೂ ಒಪ್ಪಿಗೆಯಾಗದು.

ನೆಲದ ಕೆಳಗಿನದನ್ನು ತೋರಿಸುವ ಆಸೆಯನ್ನು ಮಾತ್ರ ಬಿಟ್ಟುಬಿಡಬೇಕಾಗುತ್ತದೆ. ಚಾಂಪಿಯನ್ ರೀಫ್ ಗಣಿ ಮೂರು ಸಾವಿರದ ಇನ್ನೂರು ಮೀಟರಿನಷ್ಟು ಆಳಕ್ಕಿಳಿದಿತ್ತು. ನಮ್ಮ ಪ್ರಮಾಣದಲ್ಲಿಯೇ ಅದು ಮೂವತ್ತೆರಡು ಮೀಟರು, ಹತ್ತಂತಸ್ತಿನ ಮನೆಯ ಮಾಳಿಗೆಯಲ್ಲಿ ಹಲಗೆಯನ್ನಿಟ್ಟು ಬೀದಿಯವರೆಗೆ ದಾರ ಇಳಿಬಿಟ್ಟಷ್ಟು. ಆ ಆಳದ ಬಂಡೆಯ ಕಾವು, ಒತ್ತಡ ತಡೆಯಲಾರದೆ ಬಂಡೆಯೇ ಸಿಡಿದು ಮೇಲಿನ ಮನೆಗಳ ಪಾತ್ರೆಗಳನ್ನು ಅದುರಿಸುತ್ತಿದ್ದ ಸ್ಫೋಟಗಳು, 1965ರಲ್ಲಿ ಅಲ್ಲಿಯೇ ವಾತಾವರಣದ ನ್ಯೂಟ್ರಿನೋ ಕಣಗಳ ಗುರುತನ್ನು ಹಿಡಿದ ವಿಜ್ಞಾನಿಗಳ ಉಪಕರಣಗಳು, ಇವೊಂದೂ ಹಲಗೆಗೆ ಬರುವಂತಿಲ್ಲ. ಹಲಗೆಯ ಮುಂದಂಚಿನಲ್ಲಿ ಮೊದಲ ಹತ್ತು ಹದಿನೈದು ಸೆಂಟಿಮೀಟರುಗಳನ್ನು ಮಾತ್ರ ಕೊಯ್ದು ತೋರಿಸಬಹುದು: ಕಪ್ಪು ಪದರಶಿಲೆಯ ನಡುವೆ ಇಳಿಯುವ ಬಿಳಿಯ ಬೆಣಚಿನ ಒಂದು ಎಳೆ. ಅದು ಹಲಗೆಯ ತಳದಲ್ಲಿ ನಿಲ್ಲದೆ ಕೆಳಕ್ಕೆ ಹೋಗುತ್ತಿರುವಂತೆ ಬಿಡಿಸಬೇಕು.

ರೈಲನ್ನು ನಡೆಸುವ ಕ್ರಮ ಬಹು ಸರಳ. ಎಂಟಡಿ ಉದ್ದ ಎರಡಡಿ ಅಗಲದ ಹಲಗೆಯಲ್ಲಿ ಮಾರಿಕುಪ್ಪಂ ಒಂದು ತುದಿ. ಇನ್ನೊಂದು ತುದಿಯಲ್ಲಿ ಗುಡ್ಡದ ಹಿಂದೆ ಮರೆಯಾದ ಎರಡು ಮೂರು ಹಳಿಗಳೇ ಬಂಗಾರಪೇಟೆ. ಮಾರ್ಗದ ಕೊನೆಯಾದುದರಿಂದ ಇಂಜಿನು ಬೋಗಿಗಳನ್ನು ಬಿಟ್ಟು ಪಕ್ಕದ ಹಳಿಯಿಂದ ಹಿಂದಕ್ಕೆ ಬಂದು ಮತ್ತೊಂದು ತುದಿಯನ್ನು ಹಿಡಿಯಬೇಕು. ಅದಕ್ಕಾಗಿ ಒಂದು ಜೋಡಿಹಳಿ ಅವಶ್ಯಕ. ಏಳೆಂಟು ಸೆಂಟಿಮೀಟರಿನ ನಾಲ್ಕು ಗಾಲಿಯ ವ್ಯಾಗನ್ನುಗಳಾದರೆ ಐದಾರು ಸಾಕು. ಅವುಗಳ ಹೊರೆಯನ್ನು ಕೈಯಿಂದ ತೆಗೆಯುವಂತೆ ಬಿಡಿಯಾಗಿ ಮಾಡಿ: ಬರುವಾಗ ದಿಮ್ಮಿಗಳೂ ಕಲ್ಲಿದ್ದಲೂ ತುಂಬಿರಲಿ, ಉಗ್ರಾಣದ ಕಟ್ಟೆಯಲ್ಲಿ ನಿಂತಾಗ ಎತ್ತಿ ಪಕ್ಕಕ್ಕಿಡಿ, ಹೋಗು ರೈಲಿನಲ್ಲಿ ಅವು ಬರಿದಾಗಿರಲಿ. ಈ ಒಂದು ಕ್ರಿಯೆಯಿಂದ ಮಕ್ಕಳಿಗೂ ಗಣಿಯ ಅರ್ಥಶಾಸ್ತ್ರ ತಿಳಿಯುತ್ತದೆ. ಈಗಿನ ಕಾಲವನ್ನು ಎರಡನೆಯ ಹಲಗೆಯಲ್ಲಿ ಕಟ್ಟಹೊರಟವರಿಗೆ ಕ್ರಮ ತಲೆಕೆಳಗಾಗುತ್ತದೆ. ಇಂದು ಮಾರಿಕುಪ್ಪದಿಂದ ಬೆಳಗಿನ ಜಾವ ಹೊರಡುವ ರೈಲುಗಳು ಬೆಂಗಳೂರಿನ ಕೆಲಸಗಳಿಗೆ ಹೋಗುವ ಗಣಿಯೂರಿನ ಜನರಿಂದ ತುಂಬಿ ಹೋಗುತ್ತವೆ, ರಾತ್ರಿ ಅವರನ್ನೇ ಹೊತ್ತು ಮರಳುತ್ತವೆ. ಗಣಿ ಮುಚ್ಚಿದ ಮೇಲೆ ಆ ಹಳಿ ಉಳಿದಿರುವುದು ಅವರಿಂದಲೇ. ಆ ಮಾದರಿಯಲ್ಲಿ ವ್ಯಾಗನ್ನುಗಳೇ ಬೇಡ. ಬೋಗಿಯ ಬಾಗಿಲುಗಳಲ್ಲಿ ನಿಂತ ಆಕೃತಿಗಳಿಗಾಗಿ ಬಣ್ಣವನ್ನು ಹೆಚ್ಚಾಗಿ ಕಲಸಿಟ್ಟುಕೊಳ್ಳಬೇಕು.

ಪುಣೆಯಲ್ಲಿ ಜೋಶಿಯವರ ಚಿಕ್ಕ ರೈಲುಗಳ ಸಂಗ್ರಹಾಲಯ 1998ರಿಂದ ನಡೆಯುತ್ತಿದೆ. ನಿಜವಾದ ಇಂಜಿನುಗಳ ಸಂಗ್ರಹಾಲಯ ನಮ್ಮ ಮೈಸೂರಿನಲ್ಲಿ 1979ರಿಂದಲೂ ಇದೆ. ಮಾರಿಕುಪ್ಪದ ಮಾದರಿಯೊಂದು ಮೊದಲು ಇರಬೇಕಾದುದು ಗಣಿಯೂರಾದ ರಾಬರ್ಟ್‌ಸನ್‌ಪೇಟೆಯ, ಬಂಗಾರಪೇಟೆಯ, ಕ್ಯಾಸಂಬಳ್ಳಿಯ ಪಾಠಶಾಲೆಗಳಲ್ಲಿ ಎಂದು ನನಗೆ ತೋರುತ್ತದೆ. ಅಲ್ಲಿಯ ಮಕ್ಕಳ ಅಜ್ಜಂದಿರಲ್ಲಿ ಪಂಜರದಲ್ಲಿ ಇಳಿದವರು, ಎತ್ತುವ ಯಂತ್ರದ ಹಿಡಿಯನ್ನು ಹಿಡಿದವರು, ಮಿಲ್ಲಿನಲ್ಲಿ ದುಡಿದವರು ಇನ್ನೂ ಇದ್ದಾರೆ. ಹೆಡ್‌ಗೇರಿನ ಎತ್ತರವನ್ನು ನೆರಳಿನಿಂದ ಅಳೆಯಬಹುದು, ಹಳಿಯ ಅಂತರಕ್ಕೆ ಪುಸ್ತಕವಿದೆ. ಆದರೆ ಪಾಳಿಯ ಸೈರನ್ನು ಕೂಗಿದಾಗ ಜನ ಯಾವ ಬಾಗಿಲಿನಿಂದ ಒಳಕ್ಕೆ ಹೋಗುತ್ತಿದ್ದರು, ದೀಪಗಳನ್ನು ಎಲ್ಲಿ ಹಂಚುತ್ತಿದ್ದರು, ಮರದ ದಿಮ್ಮಿಗಳನ್ನು ಹಳಿಯ ಯಾವ ಮಗ್ಗುಲಿಗೆ ಒಟ್ಟುತ್ತಿದ್ದರು, ಪಾಳಿ ಮುಗಿಸಿ ಬಂದವರು ಎಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು ಎಂಬುದನ್ನು ಹೇಳಬಲ್ಲವರು ಅವರು ಮಾತ್ರ. ಹಲಗೆಗೆ ಮೊದಲ ಮೊಳೆ ಹೊಡೆಯುವುದಕ್ಕೆ ಮುಂಚೆ ಅವರಲ್ಲಿಗೆ ಹೋಗಿ, ಒಂದು ದೊಡ್ಡ ಕಾಗದವನ್ನು ಮುಂದೆ ಹರಡಿ, ಪೆನ್ಸಿಲನ್ನು ಅವರ ಕೈಗೇ ಕೊಟ್ಟು ನಕ್ಷೆ ಬರೆಸಿಕೊಳ್ಳತಕ್ಕದ್ದು.